ಮರಣ ಪ್ರಮಾಣಪತ್ರ: ಅಲೆದಾಟ ಶುರುವಾಗುವುದು ಆ ಮೊದಲ ಫಾರಂನಲ್ಲಿ

ಬೆಂಗಳೂರಿನಲ್ಲಿ ಮರಣ ಪ್ರಮಾಣಪತ್ರ ಪಡೆಯುವುದು ಈಗ ಅಷ್ಟೇನೂ ಕಷ್ಟವಿಲ್ಲ. ಪಡೆದ ಪತ್ರವನ್ನು ಬ್ಯಾಂಕಿನ ಕೌಂಟರಿನಲ್ಲಿಟ್ಟಾಗ 'ಪಾಸ್‌ಬುಕ್ಕಲ್ಲಿ ಬೇರೆ ಹೆಸರಿದೆಯಲ್ಲಾ' ಅನ್ನುತ್ತಾರಲ್ಲ, ತೊಂದರೆ ಅಲ್ಲಿಂದ. ಆ ತಪ್ಪಿನ ಬೇರು ಹುಡುಕುತ್ತಾ ಹೋದರೆ ಬಹುಪಾಲು ಸಲ ಸಿಗುವುದು ಸಾವಿನ ದಿನ ಆಸ್ಪತ್ರೆಯಲ್ಲಿ ತುಂಬಿದ ನಮೂನೆ 2.

ನಮೂನೆ 2 ಅಂದರೆ ಮರಣ ವರದಿ. ಆಸ್ಪತ್ರೆಯಲ್ಲಿ ಸಾವಾದರೆ ಅದನ್ನು ನೋಂದಣಿ ಕಚೇರಿಗೆ ಕಳಿಸುವ ಹೊಣೆ ಆಸ್ಪತ್ರೆಯದೇ. ಆದರೆ ಅದರಲ್ಲಿ ಬರೆಯುವ ವಿವರ ಕೊಡುವವರು ಆ ಹೊತ್ತಿಗೆ ಕೌಂಟರಿನ ಬಳಿ ನಿಂತವರು. ಮಗ ಆಂಬುಲೆನ್ಸ್ ಹುಡುಕುತ್ತಿರುತ್ತಾನೆ, ಮಗಳು ಒಳಗಿರುತ್ತಾಳೆ, ಹೆಸರು ಹೇಳುವುದು ಸೋದರಳಿಯನೋ ಪಕ್ಕದ ಮನೆಯವರೋ. ಅವರು ಕರೆದು ರೂಢಿಯಿದ್ದ ಹೆಸರನ್ನೇ ಹೇಳುತ್ತಾರೆ. ಪಹಣಿಯಲ್ಲಿ 'ರಾಮಯ್ಯ ಬಿನ್ ಕೆಂಚಯ್ಯ', ಬ್ಯಾಂಕಿನಲ್ಲಿ 'ಕೆ. ರಾಮಯ್ಯ', ಆಧಾರಿನಲ್ಲಿ ಬರೀ 'ರಾಮಯ್ಯ', ಈಗ ಮರಣ ಪತ್ರದಲ್ಲಿ 'ರಾಮಣ್ಣ'. ಒಬ್ಬರೇ ಮನುಷ್ಯ, ನಾಲ್ಕು ಹೆಸರು. ಪೌತಿ ಖಾತೆಗೆ, ಅಂದರೆ ಮೃತರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿದ ದಿನ ಈ ನಾಲ್ಕೂ ಒಂದೇ ಮೇಜಿನ ಮೇಲೆ ಬರುತ್ತವೆ.

ಹಾಗಾಗಿ ಮೃತರ ಆಧಾರ್ ಪ್ರತಿಯನ್ನು ಆ ಕೌಂಟರಿನಲ್ಲಿ ಕೊಟ್ಟು, ಅದರಲ್ಲಿದ್ದಂತೆಯೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಲು ಹೇಳಿ. ತಂದೆಯ ಹೆಸರನ್ನು ಇನಿಷಿಯಲ್‌ನಲ್ಲಿ ಮುಗಿಸಬೇಡಿ, ಪೂರ್ತಿ ಬರೆಸಿ. ಜಮೀನಿನ ದಾಖಲೆಗೆ ಕೊಂಡಿ ಅದೇ. ಹೆಂಗಸರ ವಿಷಯದಲ್ಲಿ ಗಂಡನ ಹೆಸರೂ ತಂದೆಯ ಹೆಸರೂ ಎರಡೂ ಇರಲಿ. ಸಾಯುವಾಗಿನ ವಿಳಾಸ, ಕಾಯಂ ವಿಳಾಸ ಎಂದು ಎರಡು ಅಂಕಣಗಳಿವೆ, ಊರಿನ ವಿಳಾಸ ಎರಡನೆಯದಕ್ಕೆ ಹೋಗಬೇಕು. ಸಹಿ ಹಾಕುವ ಮುಂಚೆ ಒಬ್ಬರು ನಿಧಾನವಾಗಿ ಓದಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಐದು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ಇದನ್ನೆಲ್ಲ ಹೇಳುವುದು ಕಟುಕತನ ಅನ್ನಿಸುತ್ತದೆ ನಿಜ; ಅದಕ್ಕೇ ದುಃಖದ ಹತ್ತಿರದಲ್ಲಿ ಇಲ್ಲದ ಒಬ್ಬರಿಗೆ ಈ ಕೆಲಸ ವಹಿಸುವುದು ಒಳ್ಳೆಯದು.

ಇನ್ನೊಂದು ಗೊಂದಲ: ಆಸ್ಪತ್ರೆ ಕೊಡುವ ಡೆತ್ ಸಮ್ಮರಿಯನ್ನೇ ಮರಣ ಪ್ರಮಾಣಪತ್ರ ಅಂದುಕೊಳ್ಳುವುದು. ಅದು ವೈದ್ಯಕೀಯ ಕಾಗದ ಅಷ್ಟೆ. ಕಾನೂನಿನ ಪತ್ರವೆಂದರೆ ನೋಂದಣಾಧಿಕಾರಿ ನೋಂದಣಿ ಸಂಖ್ಯೆ ಹಾಕಿ ಕೊಡುವ ನಮೂನೆ 6.

ಯಾವ ಕಚೇರಿ? ಪ್ರಾಣ ಹೋದ ಜಾಗದ ಕಚೇರಿ. ವಾಸವಿದ್ದ ಊರಿನದಲ್ಲ, ಸಂಸ್ಕಾರ ಮಾಡಿದ ಊರಿನದೂ ಅಲ್ಲ. ತುಮಕೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು, ಮಣ್ಣು ತುಮಕೂರಿನಲ್ಲೇ ಆದರೂ ನೋಂದಣಿ ಇಲ್ಲೇ. ನಗರದೊಳಗೆ ಇದು ಪಾಲಿಕೆಯ ಆರೋಗ್ಯ ಅಧಿಕಾರಿಗಳ ಕಚೇರಿಯ ಕೆಲಸ. ಬಿಬಿಎಂಪಿ ಜಾಗದಲ್ಲಿ 2025ರ ಸೆಪ್ಟೆಂಬರ್ 2ರಿಂದ ಐದು ನಗರ ಪಾಲಿಕೆಗಳು ಬಂದಿರುವುದರಿಂದ ಆಸ್ಪತ್ರೆ ಯಾವ ಪಾಲಿಕೆಗೆ ಸೇರುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಪಾಲಿಕೆ ಗಡಿಯಾಚೆಯ ಹಳ್ಳಿಗಳಲ್ಲಿ ಹಿಂದೆ, ನಾವು ಇವತ್ತಿಗೂ ಶಾನುಭೋಗರು ಎಂದೇ ಕರೆಯುವ ಗ್ರಾಮ ಲೆಕ್ಕಿಗರ ಬಳಿ ಹೋಗಬೇಕಿತ್ತು; 2024ರ ಜುಲೈಯಿಂದ, ಸಾವಾಗಿ 30 ದಿನದೊಳಗಾದರೆ, ಗ್ರಾಮ ಪಂಚಾಯಿತಿಗೆ ಹೋಗಬೇಕು.

ಮನೆಯಲ್ಲಿ ಸಾವಾದರೆ ವರದಿ ಕೊಡುವ ಹೊಣೆ ಮನೆಯವರದು. ಕೊನೆಯ ಕಾಯಿಲೆಗೆ ನೋಡುತ್ತಿದ್ದ ವೈದ್ಯರಿಂದ ನಮೂನೆ 4ಎ ಬರೆಸಿಕೊಳ್ಳಿ. ಸಾವಿನ ಕಾರಣ ದೃಢೀಕರಿಸುವ ಈ ಹಾಳೆಯನ್ನು ಚಿತಾಗಾರದಲ್ಲೂ ಕೇಳುತ್ತಾರೆ. ಚಿತಾಗಾರದ ರಸೀದಿಯನ್ನು ಅಸ್ಥಿ ತರುವಾಗ ತೋರಿಸಿ ಜೇಬಿಗಿಟ್ಟವರು ಆ ಅಂಗಿಯನ್ನೇ ಒಗೆಯಲು ಹಾಕಿಬಿಡುತ್ತಾರೆ. ನೋಂದಣಿಗೆ ಆ ರಸೀದಿ ಬೇಕು. ವೈದ್ಯರಿಲ್ಲದೆ ಕೊನೆಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ದರೆ, ಬರುವಷ್ಟರಲ್ಲೇ ಜೀವ ಹೋಗಿತ್ತು ಎಂದು ಬರೆದು, ಕಾರಣ ದೃಢೀಕರಿಸಲು ಅವರು ಒಪ್ಪದಿರಬಹುದು. ಆಗ ಪೊಲೀಸ್ ಮಹಜರು, ಮರಣೋತ್ತರ ಪರೀಕ್ಷೆ ಎಂದು ಬೇರೆಯದೇ ದಾರಿ ತೆರೆಯುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಒಬ್ಬ ವೈದ್ಯರು ಬಂದು ನೋಡಿ, ಚೀಟಿ ಬರೆದಿಟ್ಟಿರುವುದು ಇದಕ್ಕೂ ಬೇಕಾಗುತ್ತದೆ.

ಗಡುವು 21 ದಿನ. ಅದರೊಳಗೆ ವರದಿಯಾದರೆ ಮೊದಲ ಪತ್ರ ಉಚಿತ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಪ್ರಕಾರ ನೋಂದಣಿಯಾದ 7 ದಿನದೊಳಗೆ ಅದನ್ನು ಕೊಡಬೇಕು. 21 ದಾಟಿ 30ರೊಳಗಾದರೆ ಸಣ್ಣ ದಂಡ. 30 ದಿನ ದಾಟಿ ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಇದಕ್ಕೆ ಹಿಂದೆ ನೋಟರಿ ಅಫಿಡವಿಟ್ ಕೇಳುತ್ತಿದ್ದರು, ತಿದ್ದುಪಡಿಯ ಮೇಲೆ ಸ್ವಯಂ ದೃಢೀಕರಿಸಿದ ದಾಖಲೆ ಸಾಕು. ವರ್ಷ ದಾಟಿದರೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. ಈಗ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದು. ಅಂದರೆ ವಕೀಲರ ಬದಲು ಕೆ.ಜಿ. ರಸ್ತೆಯ ಕಂದಾಯ ಭವನದ ಕಡೆ ಕಾಲು ಹಾಕಬೇಕು.

ವರ್ಷ ದಾಟಿದ ಮೇಲಿನ ಈ ಅರ್ಜಿಗೆ ಮೊದಲು ಬೇಕಾದದ್ದು ನಮೂನೆ 10, ಅಂದರೆ 'ಈ ಮರಣ ನಮ್ಮ ರಿಜಿಸ್ಟರಿನಲ್ಲಿ ಸಿಗಲಿಲ್ಲ' ಎಂಬ ಅಲಭ್ಯತಾ ಪತ್ರ. ಇದು ಸಿಗಲು ನೋಂದಣಿ ಕಚೇರಿಯವರು ಹಳೆಯ ಪುಸ್ತಕ ಹುಡುಕಬೇಕು. ಹುಡುಕಾಟ ವರ್ಷದ ಲೆಕ್ಕ, ಶುಲ್ಕವೂ ವರ್ಷದ ಲೆಕ್ಕ. ಆದ್ದರಿಂದ 'ತೊಂಬತ್ತರ ಆಸುಪಾಸು' ಅಂದರೆ ಕೆಲಸ ಕೆಡುತ್ತದೆ. ಇಸವಿ ಮರೆತ ಮನೆಗಳಲ್ಲೂ ಶ್ರಾದ್ಧದ ತಿಥಿ ಮರೆತಿರುವುದಿಲ್ಲ. ಅಜ್ಜಿ 'ಶ್ರೀಮುಖ ಸಂವತ್ಸರದ ಕಾರ್ತಿಕ' ಅಂದರೆ ಅದು 1993ರ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಪಕ್ಷ, ತಿಥಿ ಗೊತ್ತಿದ್ದರೆ ಹಳೆಯ ಪಂಚಾಂಗದಿಂದ ತಾರೀಖೇ ಸಿಗುತ್ತದೆ. ಆಮೇಲೆ ಆ ವರ್ಷ ಆ ಜಾಗ ಯಾರ ಕೈಯಲ್ಲಿತ್ತು ನೋಡಿ. ಯಲಹಂಕ, ಬ್ಯಾಟರಾಯನಪುರ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ದಾಸರಹಳ್ಳಿ ಇವೆಲ್ಲ 2007ರವರೆಗೆ ಬೇರೆ ನಗರಸಭೆಗಳು, ಕೆಂಗೇರಿ ಪುರಸಭೆ. ಅದೇ ವರ್ಷ ಸೇರಿದ 110 ಹಳ್ಳಿಗಳ ಹಳೆಯ ಪುಸ್ತಕಗಳನ್ನು ಕೇಳಬೇಕಾದ್ದು ತಾಲ್ಲೂಕು ಕಚೇರಿಯಲ್ಲಿ. ಇವತ್ತಿನ ನಕ್ಷೆ ಹಿಡಿದು ಹೋದವರನ್ನು ಎರಡು ಕಚೇರಿಗಳೂ ಪರಸ್ಪರ ತೋರಿಸಿ ಕಳಿಸುತ್ತವೆ. ನಮೂನೆ 10 ತಪ್ಪು ಕಚೇರಿಯದಾದರೆ ಮುಂದಿನ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ.

ಇತ್ತೀಚಿನ ನೋಂದಣಿಗಳು ರಾಜ್ಯದ ಜನನ-ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿರುತ್ತವೆ, ಡಿಜಿಟಲ್ ಸಹಿಯ ಪಿಡಿಎಫ್ ಸಿಗುತ್ತದೆ. ಬೆಂಗಳೂರು ಒನ್‌ನಲ್ಲೂ ಕೇಳಬಹುದು. ಪ್ರತಿಯೊಂದಕ್ಕೆ 5 ರೂಪಾಯಿ ಇದ್ದದ್ದು 2025ರ ಫೆಬ್ರವರಿಯಲ್ಲಿ 50 ಆಯಿತು. ಆ ಪಿಡಿಎಫನ್ನು ಫೋನಿನಿಂದ ಪ್ರಿಂಟ್ ಹಾಕಿದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬಂದು, ನೋಡಿದವರು 'ಇದು ನಕಲಿ' ಅನ್ನಬಹುದು. ಪತ್ರ ಸರಿಯೇ ಇರುತ್ತದೆ. ಸಹಿ ಕೊಟ್ಟ ಸಂಸ್ಥೆಯನ್ನು ನಿಮ್ಮ ತಂತ್ರಾಂಶ ನಂಬಿರುವುದಿಲ್ಲ, ಅಷ್ಟೆ. ಕಂಪ್ಯೂಟರಿನ ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು, ಸಹಿಯ ಮೇಲೆ ಕ್ಲಿಕ್ ಮಾಡಿ, ಸರ್ಟಿಫಿಕೇಟನ್ನು ನಂಬಿಕೆಯ ಪಟ್ಟಿಗೆ ಸೇರಿಸಿ, ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಆಮೇಲೆ ಪ್ರಿಂಟ್ ತೆಗೆಯಿರಿ. ಲ್ಯಾಮಿನೇಟ್ ಮಾತ್ರ ಬೇಡ, ನಾಳೆ ವಿದೇಶಕ್ಕೆ ಬೇಕಾದರೆ ಮುದ್ರೆ ಒತ್ತಲು ಜಾಗವಿರುವುದಿಲ್ಲ.

ಪತ್ರದಲ್ಲಿ ಸಾವಿನ ಕಾರಣ ಹುಡುಕಬೇಡಿ. ಕಾಯ್ದೆಯ 17ನೇ ಕಲಂ ಅದನ್ನು ತೋರಿಸಕೂಡದು ಎನ್ನುತ್ತದೆ. ವಿಮೆಯವರು ಕಾರಣ ಕೇಳಿದರೆ ಕೊಡಬೇಕಾದ್ದು ವೈದ್ಯರ ದೃಢೀಕರಣದ ಪ್ರತಿ, ಆಸ್ಪತ್ರೆಯಾದರೆ ನಮೂನೆ 4. ಹತ್ತಿರದ ಸಂಬಂಧಿಗೆ ಅದರ ಪ್ರತಿ ಕೊಡಬೇಕೆಂದು 2023ರ ತಿದ್ದುಪಡಿಯಲ್ಲಿದೆ, ಬಿಲ್ ಕಟ್ಟುವಾಗಲೇ ಕೇಳಿ.

ತಪ್ಪು ಅಚ್ಚಾಗಿಯೇ ಹೋಗಿದ್ದರೆ 15ನೇ ಕಲಂ ಅಡಿಯಲ್ಲಿ ಅದೇ ನೋಂದಣಾಧಿಕಾರಿಗೆ ಅರ್ಜಿ. ಅವರು ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ತಾರೀಖು ಹಾಕುತ್ತಾರೆ. ಜೊತೆಗಿಡುವ ದಾಖಲೆ ಸಾವಿಗೆ ಮುಂಚಿನದಾಗಿರಲಿ: ಆಧಾರ್, ಅಂಕಪಟ್ಟಿ, ಪಿಂಚಣಿ ಪುಸ್ತಕ. ಸಾವಿನ ನಂತರ ಮಾಡಿಸಿದ ಅಫಿಡವಿಟ್ ಒಂದನ್ನೇ ಹಿಡಿದು ಹೋದರೆ ಒಪ್ಪಿಸುವುದು ಕಷ್ಟ. ತಪ್ಪು ಆಸ್ಪತ್ರೆಯದಾದರೆ ಅವರ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿಕೊಂಡೇ ಹೋಗಿ. ಕಾಗುಣಿತ ತಿದ್ದುವುದು ಸಲೀಸು, ಸಾವಿನ ತಾರೀಖು ತಿದ್ದುವುದು ಹರಸಾಹಸ.

ವಿದೇಶದಲ್ಲಿ ತೀರಿಕೊಂಡವರ ನೋಂದಣಿ ಇಲ್ಲಿ ಆಗುವುದಿಲ್ಲ. ಆ ದೇಶದ ಪತ್ರ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನೋಂದಣಿ, ಅಷ್ಟೇ. ಆಂಬುಲೆನ್ಸಿನಲ್ಲಿ ದಾರಿಯಲ್ಲೇ ಪ್ರಾಣ ಹೋದರೆ ವಾಹನ ಮೊದಲು ನಿಂತ ಜಾಗದ ಕಚೇರಿಗೆ, ವಾಹನದ ಉಸ್ತುವಾರಿ ಹೊತ್ತವರು ತಿಳಿಸಬೇಕು. ಅದಕ್ಕೇ ಬಾಡಿಗೆ ಕೊಟ್ಟು ಕಳಿಸುವ ಮುಂಚೆ ಚಾಲಕರ ಹೆಸರು, ಗಾಡಿ ನಂಬರು ಬರೆದಿಟ್ಟುಕೊಳ್ಳಿ.