ರಕ್ತದಾನ ಶಿಬಿರ: ದಾನಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು

ರಕ್ತದಾನ ಶಿಬಿರ ಮಾಡೋಣ ಅಂತ ಯುವಕ ಸಂಘದವರೋ ಅಪಾರ್ಟ್‌ಮೆಂಟಿನ ಸಮಿತಿಯವರೋ ಸಭೆ ಸೇರಿದರೆ, ಯಾವ ರಕ್ತನಿಧಿಯವರನ್ನು ಕರೆಸೋಣ, ಎಷ್ಟು ಮಂಚ ಹಾಕೋಣ ಅನ್ನುವುದಕ್ಕಿಂತ ಮೊದಲೇ ಬರುವ ಪ್ರಶ್ನೆ ‘ಈ ಸಲ ಗಿಫ್ಟ್ ಏನು?’ ಹೋದ ವರ್ಷ ಪಕ್ಕದ ಬಡಾವಣೆಯವರು ಹೆಲ್ಮೆಟ್ ಕೊಟ್ಟಿದ್ದರಂತೆ, ಇನ್ಯಾರೋ ಲಕ್ಕಿ ಡ್ರಾ ಇಟ್ಟಿದ್ದರಂತೆ. ಮಾತು ಆ ಕಡೆ ಹೊರಳಿದರೆ ಮುಗಿಯಿತು, ಉಳಿದದ್ದೆಲ್ಲ ಕೊನೆಯ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಏನೂ ಕೊಡಬಾರದು ಅಂತಲ್ಲ. ಆದರೆ ಇಲ್ಲಿ ಒಂದು ಗೆರೆ ಇದೆ. ಒಂದು ಕಾಲದಲ್ಲಿ ನಮ್ಮಲ್ಲೂ ದುಡ್ಡಿಗೆ ರಕ್ತ ಮಾರುವವರಿದ್ದರು. 1996ರ ಜನವರಿ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಅದು ನಿಷಿದ್ಧ. ಸ್ವಯಂಪ್ರೇರಿತ ದಾನ ಅಂದರೆ ಹಣವಾಗಲಿ, ಹಣಕ್ಕೆ ಸಮನಾದದ್ದಾಗಲಿ ಪಡೆಯದೆ ಕೊಡುವುದು. ಸಣ್ಣ ನೆನಪಿನ ಕಾಣಿಕೆ, ತಿಂಡಿ, ಬಂದುಹೋಗುವ ಬಸ್ ಚಾರ್ಜು ಇವಕ್ಕೆ ಅಡ್ಡಿಯಿಲ್ಲ. ನಮ್ಮ ಅಳತೆಗೋಲು ಸರಳ: ಗೇಟಿನಾಚೆ ಮಾರಿದರೆ ಅರ್ಧ ದಿನದ ಕೂಲಿ ಹುಟ್ಟುವಂಥ ವಸ್ತುವಾದರೆ ಅದು ಕಾಣಿಕೆಯಲ್ಲ, ಬೆಲೆ. ಹೆಲ್ಮೆಟ್, ಕುಕ್ಕರ್, ವಾಚು ಎಲ್ಲ ಇದರಲ್ಲೇ ಬಂತು. ಲಕ್ಕಿ ಡ್ರಾ ಅಂತೂ ಬೇಡವೇ ಬೇಡ.

ಕಾನೂನಿಗೆ ಹೆದರಿ ಹೇಳುತ್ತಿರುವ ಮಾತಲ್ಲ ಇದು. ಸಂಗ್ರಹಿಸಿದ ಪ್ರತಿ ಬ್ಯಾಗಿನ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ವೈರಸ್ ರಕ್ತದಲ್ಲಿದ್ದರೂ ಪರೀಕ್ಷೆಗೆ ಸಿಗದ ಅವಧಿಯೊಂದಿರುತ್ತದೆ. ಆ ಸಂದಿಯನ್ನು ಮುಚ್ಚುವುದು ಯಂತ್ರವಲ್ಲ, ಪ್ರಶ್ನಾವಳಿಗೆ ದಾನಿ ಕೊಡುವ ಪ್ರಾಮಾಣಿಕ ಉತ್ತರ. ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ, ಕಾಮಾಲೆ ಬಂದಿತ್ತಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಕೊನೆಯ ಸಲ ರಕ್ತ ಕೊಟ್ಟಿದ್ದು ಯಾವಾಗ? ಮೇಜಿನ ಆ ಬದಿಯಲ್ಲಿ ಮಿಕ್ಸಿಯ ಡಬ್ಬಗಳು ಸಾಲಾಗಿ ಕಾಣುತ್ತಿದ್ದರೆ ‘ಇಲ್ಲ ಸರ್, ಏನೂ ಇಲ್ಲ’ ಅನ್ನುವುದು ಸುಲಭ.

ಇದೇ ಕಾರಣಕ್ಕೆ, ಕೊಡುವ ವಸ್ತುವಿಗಿಂತ ಅದನ್ನು ಕೊಡುವ ಜಾಗ ಮುಖ್ಯ. ಹೆಚ್ಚಿನ ಶಿಬಿರಗಳಲ್ಲಿ ಬ್ಯಾಡ್ಜು, ಪ್ರಮಾಣಪತ್ರ ಎಲ್ಲ ಕೊನೆಯ ಮೇಜಿನಲ್ಲಿ, ರಕ್ತ ಕೊಟ್ಟವರಿಗೆ ಮಾತ್ರ. ಇದರಿಂದ ಆಗುವುದೇನು ನೋಡಿ. ಕಾಲೇಜಿನ ಒಂದೇ ತರಗತಿಯ ಹತ್ತು ಜನ ಒಟ್ಟಿಗೆ ಬಂದಿರುತ್ತಾರೆ. ಒಂಬತ್ತು ಜನರ ಎದೆಯ ಮೇಲೆ ಬ್ಯಾಡ್ಜು, ಒಬ್ಬನಿಗಿಲ್ಲ. ‘ನಿನಗ್ಯಾಕೋ ಬೇಡ ಅಂದ್ರು?’ ಅಂತ ಕೇಳದೆ ಬಿಡುತ್ತಾರೆಯೇ? ಆ ಪ್ರಶ್ನೆಗೆ ಹೆದರುವ ಹುಡುಗ ಡಾಕ್ಟರ ಮುಂದೆ ನಿಜ ಹೇಳುವುದಿಲ್ಲ. ಬ್ಯಾಡ್ಜನ್ನು ನೋಂದಣಿ ಮೇಜಿನಲ್ಲೇ, ಫಾರಂ ತುಂಬಿದ ಎಲ್ಲರಿಗೂ ಕೊಟ್ಟುಬಿಡಿ. ‘ನಾನು ರಕ್ತ ಕೊಟ್ಟೆ’ ಅನ್ನುವ ಬದಲು ‘ನಾನು ರಕ್ತದಾನ ಶಿಬಿರಕ್ಕೆ ಬಂದಿದ್ದೆ’ ಎಂದು ಅಚ್ಚು ಹಾಕಿಸಿ. ಖರ್ಚು ಅಷ್ಟೇ. ತಿರಸ್ಕೃತರಾದವರೂ ಅದೇ ತಿಂಡಿ ತಿಂದು, ಅದೇ ಬ್ಯಾಡ್ಜು ಹಾಕಿಕೊಂಡು, ಅದೇ ಬಾಗಿಲಿನಿಂದ ಹೊರಗೆ ಹೋಗಲಿ.

ತಿರಸ್ಕೃತ ಅನ್ನುವ ಪದವೇ ಫಾರಂನಲ್ಲಿ ಬೇಡ, ‘ಸದ್ಯಕ್ಕೆ ಮುಂದೂಡಿದೆ’ ಅನ್ನಿ. ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು, ತೂಕ ಕನಿಷ್ಠ 45 ಕೆಜಿ. ಹಿಮೋಗ್ಲೋಬಿನ್ ಕಾರಣಕ್ಕೆ ವಾಪಸ್ ಹೋಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಕೈಗೆ ಆ ದಿನದ ಸಂಖ್ಯೆ ಬರೆದ ಚೀಟಿ, ಯಾವ ವೈದ್ಯರನ್ನು ಕಾಣಬೇಕು ಅನ್ನುವ ಒಂದು ಸಾಲು ಕೊಟ್ಟರೆ ಅದೇ ದೊಡ್ಡ ಉಪಕಾರ. ಬೇರೆ ಕಾರಣಕ್ಕೆ ಮುಂದೂಡಿದ್ದರೆ ಆ ಕಾರಣ ವೈದ್ಯರಿಗೂ ದಾನಿಗೂ ಬಿಟ್ಟದ್ದು. ಸಂಘಟಕರ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲೇಬಾರದು.

ಇನ್ನು ವೇದಿಕೆ. ನಮ್ಮ ಕಡೆ ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಕಾರ್ಯಕ್ರಮ ಆಗುವುದಿಲ್ಲ ಅನ್ನಿ. ಬಂದ ಅತಿಥಿಗಳಿಗೆಲ್ಲ ಸನ್ಮಾನ ಮುಗಿಯುವ ತನಕ ರಕ್ತ ಕೊಡಲು ಬಂದವರು ಹಸಿದುಕೊಂಡು ಕೂತಿರುತ್ತಾರೆ. ಒಂಬತ್ತಕ್ಕೆ ಬನ್ನಿ ಅಂದು ಉದ್ಘಾಟನೆ ಹನ್ನೊಂದೂವರೆಗೆ ಆದರೆ ಬೆಳಿಗ್ಗೆ ತಿಂದ ಇಡ್ಲಿ ಎಲ್ಲಿ ಉಳಿದಿರುತ್ತದೆ? ಖಾಲಿ ಹೊಟ್ಟೆ, ನಿದ್ದೆಗೆಟ್ಟ ಕಣ್ಣು, ಮೊದಲ ಸಲದ ಭಯ ಈ ಮೂರೂ ಕೂಡಿದರೆ ತಲೆ ಸುತ್ತು ಗ್ಯಾರಂಟಿ. ಉಪವಾಸದ ದಿನ ಶಿಬಿರ ಇಡುವುದೂ ಇದೇ ಸಾಲಿಗೆ ಸೇರಿದ ತಪ್ಪು.

ಇದಕ್ಕಿಂತ ಅಪಾಯದ ಪದ್ಧತಿ ಇನ್ನೊಂದಿದೆ. ದಾನಿ ಮಂಚದಿಂದ ಎದ್ದ ಕೂಡಲೇ ‘ಬನ್ನಿ ಬನ್ನಿ, ಶಾಸಕರು ಹೊರಟುಬಿಡುತ್ತಾರೆ, ಒಂದು ಫೋಟೋ’ ಎಂದು ಸಾಲಾಗಿ ನಿಲ್ಲಿಸುವುದು. ದೇಹದಿಂದ 350 ಅಥವಾ 450 ಮಿಲಿಲೀಟರ್ ರಕ್ತ ಹೋಗಿದೆ. ಹಾಗೇ ನಿಂತರೆ ರಕ್ತ ಕಾಲಿನ ಕಡೆ ಇಳಿಯುತ್ತದೆ, ಒತ್ತಡ ಕುಸಿಯುತ್ತದೆ. ಮೊದಲು ಆಕಳಿಕೆ ಬರುತ್ತದೆ, ಮೇಲ್ದುಟಿಯ ಮೇಲೆ ಬೆವರಿನ ಹನಿ ಮೂಡುತ್ತದೆ, ಮುಖ ಬಿಳಚಿಕೊಳ್ಳುತ್ತದೆ, ಕೇಳಿದ್ದಕ್ಕೆ ಉತ್ತರ ತಡವಾಗುತ್ತದೆ. ಇಷ್ಟು ಕಂಡರೆ ಫೋಟೋ ಬಿಟ್ಟು ಅಲ್ಲೇ ಮಲಗಿಸಿ ಕಾಲು ಎತ್ತಿ ಹಿಡಿಯಿರಿ, ಡಾಕ್ಟರನ್ನು ಕರೆಯಿರಿ. ಬೀಳುವುದರಿಂದ ಆಗುವ ಪೆಟ್ಟು ಸೂಜಿಯ ನೋವಿಗಿಂತ ಎಷ್ಟೋ ಪಾಲು ದೊಡ್ಡದು. ಕೊಡುವ ಮುಂಚೆ ಅರ್ಧ ಲೀಟರ್ ನೀರು, ಕೊಟ್ಟ ಮೇಲೆ ಹದಿನೈದು ನಿಮಿಷ ಕುರ್ಚಿ, ಜ್ಯೂಸು, ಬಿಸ್ಕತ್ತು. ಫೋಟೋ ಬೇಕೇ ಬೇಕು ಅಂದರೆ ಆ ಕುರ್ಚಿಯ ಹತ್ತಿರಕ್ಕೆ ಅತಿಥಿಗಳೇ ಬರಲಿ. ಅವರಿಗೂ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ.

ಪ್ರಮಾಣಪತ್ರದ ಬಗ್ಗೆ ಎರಡೇ ಮಾತು. ಹೆಸರನ್ನು ಮೊದಲೇ ಅಚ್ಚು ಹಾಕಿಸಬೇಡಿ. ‘ಮಂಜುನಾಥ್ ಕೆ.’ ಹೋಗಿ ‘ಮಂಜುನಾಥ್ ಜಿ.’ ಆದರೆ ಆ ಕಾಗದ ಕಸದ ಬುಟ್ಟಿಗೇ. ಜಾಗ ಖಾಲಿ ಬಿಟ್ಟು, ದಾನಿ ಜ್ಯೂಸು ಕುಡಿಯುತ್ತಿರುವಾಗ ಫಾರಂ ನೋಡಿಕೊಂಡು ಅಕ್ಷರ ಚೆನ್ನಾಗಿರುವ ಒಬ್ಬರು ಬರೆಯಲಿ. ಜೊತೆಗೆ ‘ಇದು ಇವರ ____ನೇ ರಕ್ತದಾನ’ ಅನ್ನುವ ಒಂದು ಸಾಲು ಸೇರಿಸಿ. ಮನೆಯಲ್ಲಿ ಈಗಾಗಲೇ ನಾಲ್ಕು ಪ್ರಮಾಣಪತ್ರ ಇಟ್ಟವನಿಗೆ ಐದನೆಯದು ಬೇರೆ ಅನ್ನಿಸುವುದು ಆ ಒಂದು ಸಾಲಿನಿಂದಲೇ.

ಶಿಬಿರದ ದಿನ ಕೊಟ್ಟ ಮರ್ಯಾದೆಗಿಂತ ಆಮೇಲೆ ಕೊಟ್ಟದ್ದು ಹೆಚ್ಚು ಕೆಲಸ ಮಾಡುತ್ತದೆ. ಮರುದಿನ ಬೆಳಿಗ್ಗೆ ಒಂದು ಮೆಸೇಜು: ಕೈ ನೋಯುತ್ತಿದೆಯಾ, ಬಾವು ಇದೆಯಾ? ಇಷ್ಟು ಕೇಳುವವರು ಕಡಿಮೆ. ರಕ್ತದ ಗುಂಪಿನ ಡೋನರ್ ಕಾರ್ಡು ಲ್ಯಾಬ್‌ನಲ್ಲಿ ಪರೀಕ್ಷೆ ಮುಗಿದ ಮೇಲಷ್ಟೇ ಬರುವುದರಿಂದ ಅದನ್ನು ತಲುಪಿಸುವಾಗ ಇನ್ನೊಮ್ಮೆ ಮಾತಾಡಿಸುವ ಅವಕಾಶ ತಾನಾಗಿ ಸಿಗುತ್ತದೆ. ‘ಈ ಕಾರ್ಡು ತೋರಿಸಿದರೆ ನಿಮ್ಮ ಮನೆಯವರಿಗೆ ರಕ್ತ ಸಿಕ್ಕೇ ಸಿಗುತ್ತದೆ’ ಎಂದು ಮಾತ್ರ ಮಾತು ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ, ಒಮ್ಮೆ ಸುಳ್ಳಾದರೆ ಆ ಮನೆಯಿಂದ ಇನ್ನೊಬ್ಬ ದಾನಿ ಹುಟ್ಟುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನೀವು ಕೊಟ್ಟ ರಕ್ತವನ್ನು ರೋಗಿಗೆ ಬಳಸಿದಾಗ ನಿಮ್ಮ ಫೋನಿಗೆ ಸಂದೇಶ ಬರುತ್ತದೆ. ನಮ್ಮಲ್ಲೂ ರಕ್ತನಿಧಿಯವರನ್ನು ಕೇಳಿ ನೋಡಿ. ರೋಗಿಯ ಹೆಸರು ಬೇಡ, ‘ಬಳಕೆಯಾಯಿತು’ ಅಂದರೆ ಸಾಕು. ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೀಮಿಯಾ ಕಾಯಿಲೆ ಇರುವ ಮಕ್ಕಳನ್ನು ವೇದಿಕೆ ಹತ್ತಿಸಿ ದಾನಿಗಳಿಗೆ ಕೈ ಮುಗಿಸುವ ಕಾರ್ಯಕ್ರಮಗಳೂ ನಡೆಯುತ್ತವೆ. ದಯವಿಟ್ಟು ಬೇಡ.

ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಆ ದಿನಕ್ಕೆ ಸರಿಯಾಗಿ ಹೆಸರು ಹಿಡಿದು ಫೋನು ಹೋಗಬೇಕು. ಗುಂಪಿಗೆ ಹಾಕಿದ ಮೆಸೇಜನ್ನು ಯಾರೂ ತಮ್ಮದೆಂದು ಓದುವುದಿಲ್ಲ. ಈ ಅಂತರದ ಲೆಕ್ಕ ಸನ್ಮಾನಕ್ಕೂ ತಗುಲುತ್ತದೆ. ವರ್ಷಕ್ಕೆ ಗಂಡಸಿಗೆ ನಾಲ್ಕು ಸಲ, ಹೆಂಗಸಿಗೆ ಮೂರು ಸಲ. ‘ಅತಿ ಹೆಚ್ಚು ಬಾರಿ ಕೊಟ್ಟವರು’ ಎಂದು ಒಂದೇ ಪಟ್ಟಿ ಮಾಡಿದರೆ ಹೆಂಗಸರು ಗೆಲ್ಲುವ ಮಾತೇ ಇಲ್ಲ. ದಾಖಲೆಯ ಹುಚ್ಚು ಹಿಡಿದವರು ಇನ್ನೊಂದು ಊರಿನ ಶಿಬಿರದಲ್ಲಿ ಕೊನೆಯ ದಿನಾಂಕ ಮುಚ್ಚಿಟ್ಟು ಎರಡೇ ತಿಂಗಳಿಗೆ ತೋಳು ಚಾಚುವುದೂ ಉಂಟು. ಸ್ಪರ್ಧೆ ಬಿಟ್ಟು ಮೆಟ್ಟಿಲು ಇಡಿ. ಬ್ರಿಟನ್ನಿನಲ್ಲಿ 10, 25, 50ನೇ ದಾನಕ್ಕೆ ಗೌರವ ಇದೆ. ನಮ್ಮ ಶಿಬಿರಗಳಿಗೆ ಮೊದಲ ಮೆಟ್ಟಿಲು ಎರಡನೇ ದಾನವೇ ಆಗಬೇಕು, ಏಕೆಂದರೆ ಹೆಚ್ಚು ಜನ ಕಳಚಿಕೊಳ್ಳುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಆಮೇಲೆ 5, 10, 25.

ತಿಂಗಳನ್ನೂ ನೋಡಿಕೊಳ್ಳಿ. ಕೊಟ್ಟ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದು ದಿನ ಇಡಬಹುದು, ಕೆಂಪು ರಕ್ತಕಣ 35ರಿಂದ 42 ದಿನ, ಪ್ಲಾಸ್ಮಾ ಮಾತ್ರ ಫ್ರೀಜರ್‌ನಲ್ಲಿ ಒಂದು ವರ್ಷ. ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನ, ನವೆಂಬರ್ 1ರ ರಾಜ್ಯೋತ್ಸವ, ನಾಯಕರ ಹುಟ್ಟುಹಬ್ಬ ಎಂದು ಎಲ್ಲರೂ ಅದೇ ದಿನಗಳಿಗೆ ಮುಗಿಬಿದ್ದರೆ ಒಂದು ವಾರ ರಾಶಿ, ಮುಂದೆ ಬರ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ದಾನಿಗಳೇ ಇಲ್ಲ. ವಿಶೇಷ ಸನ್ಮಾನ ಏನಾದರೂ ಇದ್ದರೆ ಅದನ್ನು ಬೇಸಿಗೆಯಲ್ಲಿ ಬಂದವರಿಗೆ ಮೀಸಲಿಡಿ.

ರಕ್ತ ಕೊಡದೆ ದುಡಿಯುವವರನ್ನು ಎಲ್ಲರೂ ಮರೆಯುತ್ತಾರೆ: ನೋಂದಣಿ ಮಾಡುವವರು, ಜ್ಯೂಸಿನ ಮೇಜಿನವರು, ದಾನಿಯ ಮುಖ ನೋಡುತ್ತಾ ಕೂರುವವರು, 90ನೇ ದಿನ ಫೋನು ಮಾಡುವವರು. ಅವರಿಗೆ ‘ಸಕ್ರಿಯವಾಗಿ ಭಾಗವಹಿಸಿದ್ದಾರೆ’ ಅನ್ನುವ ನಾಮಕಾವಾಸ್ತೆ ಕಾಗದ ಬೇಡ. ‘ನೋಂದಣಿ ಮೇಜು, 6 ಗಂಟೆ, 84 ದಾನಿಗಳು’ ಎಂದು ಮಾಡಿದ ಕೆಲಸವನ್ನೇ ಬರೆದುಕೊಡಿ. ಎನ್‌ಎಸ್‌ಎಸ್ ವಿದ್ಯಾರ್ಥಿಗೆ ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕಾಗುತ್ತದೆ, ಗಂಟೆ ನಮೂದಿಸಿದ ಪತ್ರ ಅವನಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಾಗಂತ ರಕ್ತ ಕೊಟ್ಟವರಿಗೆ ಹಾಜರಾತಿ, ಇಂಟರ್ನಲ್ ಅಂಕ ಅಂತ ಹೊರಟರೆ ಮಿಕ್ಸಿಯ ಕಥೆಯೇ ಮತ್ತೆ ಶುರು. ಅಂಕ ಕೊಡುವುದಾದರೆ ಮೇಜಿನ ಕೆಲಸಕ್ಕೆ ಕೊಡಿ.

ದುಡ್ಡಿನ ಲೆಕ್ಕ ಹೀಗಿರಲಿ: ತಲೆಗೆ 150 ರೂಪಾಯಿ ಇದ್ದರೆ 90 ತಿಂಡಿ, ನೀರು, ಜ್ಯೂಸಿಗೆ, 25 ಬ್ಯಾಡ್ಜು, ಪ್ರಮಾಣಪತ್ರಕ್ಕೆ, 15 ಸ್ವಯಂಸೇವಕರ ಊಟಕ್ಕೆ. ಮಿಕ್ಕ 20 ಎತ್ತಿಡಿ, ಮೇ ತಿಂಗಳ ಶಿಬಿರಕ್ಕೆ ಬೇಕಾಗುತ್ತದೆ. ಆಗ ಮದುವೆ ಸೀಸನ್, ಹಾಲ್ ಬಾಡಿಗೆ ಕೇಳುವ ಹಾಗಿರುವುದಿಲ್ಲ.