ಅಮ್ಮ ಸೊಪ್ಪಿನ ಹೊರೆ ಹೊರುವುದನ್ನು ಬಿಟ್ಟದ್ದೇಕೆ

ಶಿಡ್ಲಘಟ್ಟದ ಬಳಿಯ ನಮ್ಮೂರಿನಲ್ಲಿ, ರೇಷ್ಮೆಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದು ಹಗಲಿರುಳೂ ಸೊಪ್ಪು ತಿನ್ನುವ ದಿನಗಳಲ್ಲಿ, ತೋಟದಿಂದ ಹೊರೆ ಹೊತ್ತು ತರುವವರು ಅಮ್ಮನೇ ಆಗಿದ್ದರು. ಎರಡು ವರ್ಷದ ಹಿಂದೆ ಅವರು ಅದನ್ನು ಬಿಟ್ಟಾಗ ಸೊಂಟನೋವೆಂದೇ ನಂಬಿದ್ದೆವು. ಕೆಮ್ಮು ಬಂದೊಡನೆ ಅವರು ಬಾಗಿಲುವಾಡ ಹಿಡಿದು, ಕಾಲಿಗೆ ಕಾಲು ಹೆಣೆದು ನಿಲ್ಲುವುದನ್ನು ಕಂಡ ದಿನ ನನಗೆ ವಿಷಯ ತಿಳಿಯಿತು: ಕೆಮ್ಮಿದರೂ ಭಾರ ಹೊತ್ತರೂ ಅವರಿಗೆ ಮೂತ್ರ ಸೋರುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ತೋರಿಸಿದಾಗ ವೈದ್ಯೆ ಮೊದಲು ಕೇಳಿದ್ದು ಹೆರಿಗೆಗಳ ಬಗ್ಗೆ: ಎಷ್ಟು, ಮೊದಲನೆಯದಕ್ಕೆ ಎಷ್ಟು ಹೊತ್ತು ಹಿಡಿಯಿತು, ಮಗುವನ್ನು ಹೊರತೆಗೆಯಲು ಇಕ್ಕಳ ಹಾಕಿದ್ದರೇ, ಮಗು ದಪ್ಪವಿತ್ತೇ. ಮೂರು ಹೆರಿಗೆ, ಮೊದಲನೆಯದಕ್ಕೆ ಒಂದು ಹಗಲು ಒಂದು ರಾತ್ರಿಯ ನೋವು, ಕೊನೆಗೆ ಇಕ್ಕಳ. ಆ ಮೊದಲ ಮಗು ನಾನೇ ಆದರೂ ಇದನ್ನು ಕೇಳಿದ್ದು ಅಂದೇ.

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳು ಮಗುವಿನ ತಲೆ ಇಳಿಯುವಾಗ ವಿಪರೀತ ಹಿಗ್ಗುತ್ತವೆ. ಕೆಲವೊಮ್ಮೆ ಹರಿಯುತ್ತವೆ, ಅವುಗಳ ನರಗಳೂ ಜಗ್ಗುತ್ತವೆ. ಇಕ್ಕಳ ಹಾಕಿದರೆ ಈ ಪೆಟ್ಟಿನ ಸಂಭವ ಇನ್ನೂ ಹೆಚ್ಚು. ಮುಟ್ಟು ನಿಂತ ವಯಸ್ಸಿನಲ್ಲಿ ಸ್ನಾಯು ಸಡಿಲವಾದಾಗ ಹಳೆಯ ಪೆಟ್ಟು ಹೊರಬೀಳುವುದುಂಟು.

ನನಗೆ ಮಗುವಾದದ್ದು ಸಿಸೇರಿಯನ್‌ನಿಂದ ಆದ್ದರಿಂದ ನನಗಿದು ಬಾರದೆಂದುಕೊಂಡಿದ್ದೆ. ಆದರೆ 2003ರಲ್ಲಿ ಪ್ರಕಟವಾದ, 65 ವರ್ಷದೊಳಗಿನ 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ನಾರ್ವೆಯ ಅಧ್ಯಯನದಲ್ಲಿ, ಹೆರದವರಲ್ಲಿ ಸುಮಾರು ಶೇ. 10, ಸಿಸೇರಿಯನ್ ಮಾತ್ರ ಆದವರಲ್ಲಿ ಶೇ. 16, ಸಹಜ ಹೆರಿಗೆಯಾದವರಲ್ಲಿ ಶೇ. 21 ಮಂದಿಗೆ ಈ ತೊಂದರೆಯಿತ್ತು. ಬಸುರಿನ ಭಾರವೇ ಆ ಸ್ನಾಯುಗಳನ್ನು ದಣಿಸುತ್ತದೆ. ವಯಸ್ಸಾದಂತೆ ಹೆರಿಗೆಯ ರೀತಿಯಿಂದಾಗುವ ವ್ಯತ್ಯಾಸವೂ ಕಡಿಮೆಯಾಗುತ್ತದೆ. ಆದ್ದರಿಂದ ಇದೊಂದಕ್ಕೆ ಹೆದರಿ ಸಿಸೇರಿಯನ್ ಬೇಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಅಮ್ಮನಿಗೆ ಕಲಿಸಿದ ವ್ಯಾಯಾಮ ಸರಳ: ಮೂತ್ರ ತಡೆಯುವಾಗಿನಂತೆ ಕೆಳಗಿನ ಸ್ನಾಯುವನ್ನು ಒಳಕ್ಕೆಳೆದು ಬಿಗಿಹಿಡಿದು ಬಿಡುವುದು, ಒಮ್ಮೆಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಕೆಮ್ಮುವ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯಬೇಕು. ಸೊಪ್ಪು ಹಾಕುತ್ತಲೇ ಅಮ್ಮ ಮನಸ್ಸಿನಲ್ಲಿ ಎಣಿಸುತ್ತಿದ್ದರು. ಸೋರುವುದು ಪೂರ್ತಿ ನಿಲ್ಲದಿದ್ದರೂ ಬಹಳ ತಗ್ಗಿದೆ.

ನನಗೆ ನೋವಾಗುವುದು ಇಷ್ಟೇ: ಬಾಣಂತನದಲ್ಲಿ ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಬಿಗಿಯುವ ಬಟ್ಟೆ ಯಾವುದನ್ನೂ ಮರೆಯದ ನಮ್ಮ ಮನೆಗಳಲ್ಲಿ ಈ ಒಂದು ಮಾತನ್ನು ಯಾರೂ ಎತ್ತುವುದಿಲ್ಲ. ತಂಗಿ ಈಗ ಬಾಣಂತನಕ್ಕೆ ಬಂದಿದ್ದಾಳೆ. ನಿನ್ನೆ ಅವಳ ತಲೆ ಒರೆಸುತ್ತಾ ಅಮ್ಮನೇ ಕೇಳಿದರು: “ಸೀನಿದಾಗ ಏನಾದರೂ ಸೋರುತ್ತದೇನೇ?”