"ಡಾರ್ಕ್ ಮ್ಯಾಟರ್ ಸಿಕ್ಕಿತಾ?" ಅನ್ನುವವರಿಗೆ

ಇಲ್ಲ, ಸಿಕ್ಕಿಲ್ಲ. ಡಾರ್ಕ್ ಮ್ಯಾಟರ್ ಅಂದರೆ ಬೆಳಕು ಬೀರದ, ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದ ಮಾತ್ರ ಸುಳಿವು ಕೊಡುವ ವಸ್ತು. ಪುಣೆಯಲ್ಲಿ ನನ್ನ ಕೆಲಸ ಖಗೋಳ ವಿಜ್ಞಾನ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಕೇಳಲಿ, ತಪ್ಪೇನಿಲ್ಲ. ಕೇಳುವ ರೀತಿಗೆ ಮಾತ್ರ ಸಿಟ್ಟು ಬರುತ್ತದೆ.

ಇಲ್ಲಿನ ಕನ್ನಡದವರೆಲ್ಲ ಸೇರಿದ್ದ ರಾಜ್ಯೋತ್ಸವದ ಊಟ. ಪಕ್ಕದ ಎಲೆಗೆ ಕೂತಿದ್ದ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅಂದರು: "ಇಷ್ಟು ವರ್ಷ ಹುಡುಕಿದ್ರೂ ಸಿಕ್ಕಿಲ್ಲ ಅಂದ್ರೆ ಅದು ಇಲ್ಲ ಅಂತ್ಲೇ ಅಲ್ವೇನಮ್ಮಾ? ಸುಮ್ನೆ ದುಡ್ಡು ದಂಡ." ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಸಾರು ಬಂತು, ಮಾತು ಬೇರೆ ಕಡೆ ಹೋಯಿತು.

ಆವತ್ತು ಹೇಳಬೇಕಿದ್ದದ್ದು ಇದು, ಸರ್. ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ದೂರದ ನೆಪ್ಚೂನ್ ಬರೀ 5.4. ದೂರ ಹೋದಷ್ಟೂ ಸೆಳೆತ ಕಡಿಮೆ, ಓಟ ನಿಧಾನ. ಕೋಟ್ಯಂತರ ನಕ್ಷತ್ರಗಳ ಗುಂಪಾದ ಗ್ಯಾಲಕ್ಸಿಯಲ್ಲೂ ಹೀಗೇ ಆಗಬೇಕಿತ್ತು, ಅದರ ಬೆಳಕು, ಅಂದರೆ ನಕ್ಷತ್ರಗಳು, ಜಾಸ್ತಿ ಇರುವುದು ನಡುವೆಯೇ ಅಲ್ವಾ? 1970ರಲ್ಲಿ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾವನ್ನು ಅಳೆದು ನೋಡಿದರು. ಹೊರ ಅಂಚಿನಲ್ಲೂ ವೇಗ ಸೆಕೆಂಡಿಗೆ 200 ಕಿಲೋಮೀಟರಿಗಿಂತ ಜಾಸ್ತಿ!

ನಮ್ಮ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ದೊಡ್ಡ ರೇಡಿಯೊ ದೂರದರ್ಶಕ ಇದೆ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು. ಡಿಶ್ ಅಂದರೆ ತೆಳು ಸ್ಟೀಲ್ ತಂತಿಯ ಬಲೆ, ಕೆಳಗೆ ನಿಂತರೆ ಅದರೊಳಗಿಂದಲೇ ಆಕಾಶ ಕಾಣುತ್ತದೆ. ಗ್ಯಾಲಕ್ಸಿಗಳ ಹೈಡ್ರೋಜನ್ ಅನಿಲ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಬಿಡುತ್ತದೆ. ನಕ್ಷತ್ರಗಳು ವಿರಳವಾದ ಮೇಲೂ ಆ ಅನಿಲ ಬಹುದೂರ ಹರಡಿರುತ್ತದೆ. ಅದರ ವೇಗವನ್ನು ಗ್ರಾಫಿನಲ್ಲಿ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋದರೆ ಗೆರೆ ಕೆಳಗಿಳಿಯುವುದೇ ಇಲ್ಲ, ಒಂದೇ ಮಟ್ಟದಲ್ಲಿ ಸಾಗುತ್ತದೆ. ಕಾಣುವ ನಕ್ಷತ್ರ, ಅನಿಲಗಳ ಸೆಳೆತ ಅದಕ್ಕೆ ಸಾಲದು. ಅಷ್ಟು ಜೋರಾಗಿ ಓಡುವ ಅನಿಲ ಚೆಲ್ಲಾಪಿಲ್ಲಿ ಆಗದ ಹಾಗೆ ಹಿಡಿದಿಟ್ಟಿರುವುದು ಯಾವುದು? ನನ್ನನ್ನು ಇದನ್ನು ಕೇಳಿ. ರಾತ್ರಿಯಿಡೀ ಹೇಳುತ್ತೇನೆ.

ಡಾರ್ಕ್ ಮ್ಯಾಟರ್ ಬೇಡ, ಗುರುತ್ವದ ನಿಯಮವನ್ನೇ ತಿದ್ದಬೇಕು ಅನ್ನುವವರೂ ಇದ್ದಾರೆ. ಅದು ಒಳ್ಳೆಯ ಜಗಳ, ನಡೆಯಲಿ.

ಇನ್ನು "ದುಡ್ಡು ದಂಡ". ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ, ಅಮೆರಿಕದ ಹಳೇ ಚಿನ್ನದ ಗಣಿಯೊಂದರಲ್ಲಿ ಟನ್‌ಗಟ್ಟಲೆ ದ್ರವವಾಗಿಸಿದ ಕ್ಸೆನಾನ್ ಅನಿಲ ತುಂಬಿಟ್ಟು, ಡಾರ್ಕ್ ಮ್ಯಾಟರ್ ಕಣ ಅದಕ್ಕೆ ಡಿಕ್ಕಿ ಹೊಡೆದರೆ ಬರುವ ಒಂದು ಸಣ್ಣ ಮಿಣುಕಿಗಾಗಿ ಕಾಯುತ್ತಿದ್ದಾರೆ. ಮಿಣುಕು ಬರದಿದ್ದರೆ, ಇಷ್ಟು ಸುಲಭವಾಗಿ ಡಿಕ್ಕಿ ಹೊಡೆಯುವ ಕಣ ಅದಲ್ಲ ಅಂತ ಗೊತ್ತಾಗುತ್ತದೆ. ಆಗ ಹುಡುಕಬೇಕಾದ ಜಾಗ ಅಷ್ಟು ಕಡಿಮೆಯಾಗುತ್ತದೆ. ಇದಕ್ಕಾಗಿಯೇ ವರ್ಷಗಟ್ಟಲೆ ದುಡಿದವರಿದ್ದಾರೆ, ಅವರನ್ನು ನೋಡಿ ನಗಬೇಡಿ.

ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್‌ನಲ್ಲಿ ಎಲ್ಲರಿಗೂ ಪ್ರದರ್ಶನ ಇಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮೊಬೈಲ್ ಆಫ್ ಮಾಡಿ ಅಂದರೆ ದಯವಿಟ್ಟು ಮಾಡಿ. ಅದರ ಸಿಗ್ನಲ್ ಮುಂದೆ ಗ್ಯಾಲಕ್ಸಿಯ ಅಲೆ ತೀರಾ ಕ್ಷೀಣ.